ವೈಪರ್ ಸಡಿಲವಾಗಿದೆ, ಮೋಟಾರು ಬದಲಿಸಬೇಕಾ?

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ಕೊಪ್ಪದ ಮೆಕ್ಯಾನಿಕ್ ಒಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ವೈಪರ್ ಬಗ್ಗೆಯೇ ಇವೆ. ಅದಕ್ಕೆ ಕಾರಣವೂ ಇದೆ. ರೋಹಿಣಿ ಮಳೆಯ ಮೊದಲ ಹನಿ ಬಿದ್ದ ಕೂಡಲೇ ಎಲ್ಲರೂ ಬೇಸಿಗೆಯಿಡೀ ಮುಟ್ಟದ ಸ್ವಿಚ್ ಒತ್ತುತ್ತಾರೆ. ಬಿಸಿಲಲ್ಲಿ ಒಣಗಿ ಕೂತಿದ್ದ ಬುಶ್ಶು (ಕೀಲಿನಲ್ಲಿ ಕೂರುವ ಪ್ಲಾಸ್ಟಿಕ್ ಬಟ್ಟಲು), ತುಕ್ಕು ಹಿಡಿದ ನಟ್ಟು ಎಲ್ಲ ಒಟ್ಟಿಗೆ ಕೈಕೊಡುವುದು ಆಗಲೇ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದೇನೆ. ನನ್ನದು 1998ರ ಮಾರುತಿ 800. ಡ್ರೈವರ್ ಕಡೆಯ ವೈಪರ್ ಸಡಿಲವಾಗಿದೆ. ಕೆಳಗೆ ಬರುವಾಗ ಬಾನೆಟ್ ಅಂಚಿಗೆ ಟಕ್ ಟಕ್ ಅಂತ ಬಡಿಯುತ್ತದೆ. ಮೇಲೆ ಹೋಗುವಾಗ ಅರ್ಧಕ್ಕೇ ತಿರುಗಿ ಬರುತ್ತದೆ. ಪಕ್ಕದ ವೈಪರ್ ಮಾತ್ರ ಸರಿಯಾಗಿದೆ. ಗ್ಯಾರೇಜಿನಲ್ಲಿ ತೋರಿಸಿದೆ. ಮೋಟಾರು, ಲಿಂಕು ಪೂರ್ತಿ ಸೆಟ್ ಬದಲಿಸಬೇಕು ಅಂದರು. ಮಗಳ ಮನೆ ಉಡುಪಿಯಲ್ಲಿದೆ, ಮಳೆಗಾಲದಲ್ಲೂ ಆಗುಂಬೆ ಘಾಟಿ ಇಳಿದು ಹೋಗಬೇಕು. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೋಟಾರು ಬದಲಿಸಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಪಕ್ಕದ ವೈಪರ್ ಸರಿಯಾಗಿದೆ ಅಂದಿರಲ್ಲ, ಅದೇ ಮುಖ್ಯ. ಎರಡೂ ವೈಪರ್‌ಗಳನ್ನು ಓಡಿಸುವುದು ಒಂದೇ ಮೋಟಾರು. ಮೋಟಾರು ಸೋತರೆ ಎರಡೂ ಸೋಲಬೇಕು. ಒಂದು ಚೆನ್ನಾಗಿ ಓಡುತ್ತಾ ಇನ್ನೊಂದು ತೂಗಾಡುತ್ತಿದೆ ಅಂದರೆ ತೊಂದರೆ ಇರುವುದು ಮೋಟಾರಿನಿಂದ ಆಚೆ, ಆ ಒಂದು ವೈಪರಿನ ಕೈಗೆ, ಅಂದರೆ ಬ್ಲೇಡನ್ನು ಹಿಡಿದಿರುವ ಉದ್ದ ಪಟ್ಟಿಗೆ, ಹೋಗುವ ದಾರಿಯಲ್ಲಿ.

ಆ ದಾರಿ ಹೇಗಿದೆ ಅಂತ ಮೊದಲು ಹೇಳುತ್ತೇನೆ. ಯಾಕೆಂದರೆ ಅದು ಗೊತ್ತಾದರೆ ರಿಪೇರಿ ನಿಮಗೇ ಹೊಳೆಯುತ್ತದೆ. ಮೋಟಾರು ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ಹಿಂದೆ ಮುಂದೆ ಹೋಗುವುದು ಮೋಟಾರಲ್ಲ. ಮೋಟಾರಿನ ಒಳಗೆ ಒಂದು ಗೇರು ಇದೆ. ಅದು ವೇಗ ಇಳಿಸಿ ಬಲ ಹೆಚ್ಚಿಸುತ್ತದೆ. ಅದರ ತುದಿಗೆ ಒಂದು ಗಿಡ್ಡ ಪಟ್ಟಿ, ನಾವು ಕ್ರ್ಯಾಂಕು ಅನ್ನುತ್ತೇವೆ. ಕ್ರ್ಯಾಂಕಿಗೆ ಒಂದು ಉದ್ದದ ಲಿಂಕು ಸಿಕ್ಕಿಸಿರುತ್ತಾರೆ. ಕ್ರ್ಯಾಂಕು ಸುತ್ತು ಹೊಡೆದಾಗ ಲಿಂಕು ಎಡಕ್ಕೆ ಬಲಕ್ಕೆ ಎಳೆದಾಡುತ್ತದೆ. ಲಿಂಕಿನ ಇನ್ನೊಂದು ತುದಿ ಸ್ಪಿಂಡಲ್‌ಗೆ ಹೋಗುತ್ತದೆ. ಗ್ಲಾಸಿನ ಕೆಳಗೆ ಬಾಡಿಯಿಂದ ಹೊರಗೆ ಇಣುಕುವ ಕಡ್ಡಿಯೇ ಸ್ಪಿಂಡಲ್. ಅದರ ತಲೆಯಲ್ಲಿ ಸಣ್ಣ ಸಣ್ಣ ಹಲ್ಲುಗಳಿವೆ. ವೈಪರ್ ಕೈ ಆ ಹಲ್ಲುಗಳ ಮೇಲೆ ಕೂತು, ಮೇಲಿಂದ ಒಂದು ನಟ್ಟು ಅದನ್ನು ಒತ್ತಿ ಹಿಡಿಯುತ್ತದೆ.

ಅಂದರೆ ಸಡಿಲವಾಗುವ ಜಾಗ ಬೆರಳೆಣಿಕೆಯಷ್ಟೇ. ಬ್ಲೇಡು ಕೈಗೆ ಸೇರುವಲ್ಲಿ. ಕೈ ಸ್ಪಿಂಡಲ್ ಮೇಲೆ ಕೂರುವಲ್ಲಿ. ಲಿಂಕಿನ ಬುಶ್ಶುಗಳಲ್ಲಿ. ಮೋಟಾರಿನ ಕ್ರ್ಯಾಂಕಿನಲ್ಲಿ. ಸ್ಪಿಂಡಲ್ ಕೂರುವ ಗೂಡೂ ಒಮ್ಮೊಮ್ಮೆ ಸವೆಯುತ್ತದೆ, ಆದರೆ ಅದು ಅಪರೂಪ.

ಈಗ ಹುಡುಕುವ ಕೆಲಸ. ದುಡ್ಡು ಕೊಡುವ ಮುಂಚೆ ಇದನ್ನು ನೀವೇ ಮಾಡಿ, ನಿಮ್ಮ ಅಂಗಳದಲ್ಲೇ ಆಗುತ್ತದೆ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ವೈಪರ್ ಕೈಯನ್ನು ಬುಡದ ಹತ್ತಿರ ಹಿಡಿದು, ಅದು ಓಡಾಡುವ ದಿಕ್ಕಿಗೇ ಮೆಲ್ಲಗೆ ಅಲ್ಲಾಡಿಸಿ. ತುದಿ ಹಿಡಿದು ಅಲ್ಲಾಡಿಸಿದರೆ ಕೈ ಬಾಗುವುದೂ ಸೇರಿ ಎಲ್ಲ ಸಡಿಲ ಅನ್ನಿಸುತ್ತದೆ, ಬುಡದಲ್ಲೇ ಹಿಡಿಯಿರಿ. ಕಣ್ಣು ನಟ್ಟಿನ ಮೇಲಿರಲಿ. ನಟ್ಟಿನ ಮೇಲೆ ಪ್ಲಾಸ್ಟಿಕ್ ಟೋಪಿ ಇದ್ದರೆ ತೆಗೆದುಬಿಡಿ. ಕೈ ಅಲ್ಲಾಡಿತು, ಸ್ಪಿಂಡಲ್ ಅಲ್ಲಾಡಲಿಲ್ಲ ಅಂದರೆ ನಟ್ಟು ಸಡಿಲವಾಗಿದೆ ಅಥವಾ ಹಲ್ಲು ಸವೆದಿದೆ. ಎರಡೂ ಒಟ್ಟಿಗೆ ಅಲ್ಲಾಡಿದರೆ ಕೈಯದು ತಪ್ಪಿಲ್ಲ, ಕೆಳಗಿನ ಲಿಂಕಿನಲ್ಲಿ ಬುಶ್ಶು ಹೋಗಿದೆ. ಸ್ಪಿಂಡಲ್ಲೇ ತನ್ನ ಗೂಡಿನಲ್ಲಿ ಅತ್ತಿತ್ತ ವಾಲುತ್ತಿದ್ದರೆ ಗೂಡು ಸವೆದಿದೆ. ಕೂದಲೆಳೆಯಷ್ಟು ಅಲ್ಲಾಟ ಹೊಸ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ.

ಅರ್ಧಕ್ಕೇ ತಿರುಗಿ ಬರುತ್ತದೆ ಅಂದಿರಲ್ಲ, ಅದನ್ನು ಕೇಳಿದರೆ ನನಗೆ ಅನ್ನಿಸುವುದು ಹಲ್ಲಿನ ತೊಂದರೆ. ಸ್ಪಿಂಡಲ್ ಪೂರ್ತಿ ತಿರುಗುತ್ತಿದೆ, ಕೈ ಅದರ ಮೇಲೆ ಜಾರುತ್ತಿದೆ. ಗ್ಲಾಸು ಒಣಗಿದ್ದಾಗ ಇದು ಇನ್ನೂ ಜಾಸ್ತಿ ಕಾಣುತ್ತದೆ, ಯಾಕೆಂದರೆ ಒಣ ಗ್ಲಾಸಿನ ಮೇಲೆ ರಬ್ಬರಿಗೆ ಹಿಡಿತ ಹೆಚ್ಚು.

ಇದನ್ನು ಸರಿಮಾಡುವುದು ಹೀಗೆ. ಗ್ಲಾಸಿಗೆ ನೀರು ಹಾಕಿ ವೈಪರನ್ನು ಒಮ್ಮೆ ಓಡಿಸಿ, ವೈಪರ್ ಸ್ವಿಚ್ಚಿನಿಂದಲೇ ನಿಲ್ಲಿಸಿ. ಕೀ ತಿರುಗಿಸಿ ನಿಲ್ಲಿಸಬೇಡಿ. ಸ್ವಿಚ್ಚಿನಿಂದ ನಿಲ್ಲಿಸಿದರೆ ಮೋಟಾರು ತನ್ನ ಮನೆ ಸ್ಥಾನಕ್ಕೆ ಬಂದ ಮೇಲೆಯೇ ನಿಲ್ಲುತ್ತದೆ. ಕೀಯಿಂದ ನಿಲ್ಲಿಸಿದರೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಆಮೇಲೆ ನೀವು ಕೈಯನ್ನು ತಪ್ಪು ಜಾಗಕ್ಕೆ ಕೂರಿಸಿದರೆ ಮೊದಲ ಓಟದಲ್ಲೇ ಅದು ಬಾನೆಟ್‌ಗೋ ಗ್ಲಾಸಿನ ಪಕ್ಕದ ಕಂಬಕ್ಕೋ ಹೊಡೆಯುತ್ತದೆ.

ಸರಿಯಾಗಿರುವ ಪಕ್ಕದ ವೈಪರ್ ಎಲ್ಲಿ ಮಲಗಿದೆ ನೋಡಿಕೊಂಡು, ಅದಕ್ಕೆ ಹೊಂದುವ ಹಾಗೆ ಡ್ರೈವರ್ ಕಡೆಯ ಗ್ಲಾಸಿನ ಮೇಲೆ ಒಂದು ಇನ್ಸುಲೇಶನ್ ಟೇಪು ಅಂಟಿಸಿ. ಬ್ಲೇಡು ಕೊನೆಗೆ ಮಲಗಬೇಕಾದ ಜಾಗ ಅದು. ಗ್ಲಾಸಿನ ಮೇಲೆ ದಪ್ಪ ಟವೆಲ್ಲು ಹಾಸಿ. ಕೈಯೊಳಗೆ ಗಟ್ಟಿ ಸ್ಪ್ರಿಂಗು ಇದೆ, ಬ್ಲೇಡು ಇಲ್ಲದ ಕೈ ಜಾರಿ ಗ್ಲಾಸಿಗೆ ಬಿದ್ದರೆ ಗ್ಲಾಸು ಸೀಳುತ್ತದೆ. ಟವೆಲ್ಲು ಹಾಕದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ನಟ್ಟು ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರಿಗೆ ಬರುತ್ತದೆ, ಕೆಲವು ಗಾಡಿಗಳಲ್ಲಿ 12 ಅಥವಾ 13. ಕಟಿಂಗ್ ಪ್ಲೇಯರ್‌ನಲ್ಲಿ ತಿರುಗಿಸಿ ಮೂಲೆ ತಿನ್ನಿಸಬೇಡಿ, ಸರಿಯಾದ ಸ್ಪ್ಯಾನರೇ ಹಾಕಿ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಕಾಫಿ ಕುಡಿದು ಬನ್ನಿ. ಅವಸರ ಮಾಡಿದರೆ ಸ್ಪಿಂಡಲ್‌ನ ಮರೆಯೇ (ನಟ್ಟು ತಿರುಗಿ ಕೂರುವ ಸುರುಳಿ ಗೆರೆ) ಕಿತ್ತು ಬರುತ್ತದೆ. ನಟ್ಟು ಬಂದ ಮೇಲೆ ಕೈಯನ್ನು ಎಡಕ್ಕೆ ಬಲಕ್ಕೆ ತುಸು ಅಲ್ಲಾಡಿಸುತ್ತಾ ಮೇಲಕ್ಕೆ ಎತ್ತಿ. ಬರದಿದ್ದರೆ ಕೆಳಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ. ಬಾಡಿಯ ಬಣ್ಣ ಹೋಗುತ್ತದೆ, ಗ್ಲಾಸಿನ ಅಂಚಿಗೂ ಪೆಟ್ಟು. ಬ್ಯಾಟರಿ ಟರ್ಮಿನಲ್ ಎಳೆಯುವ ಸಣ್ಣ ಪುಲ್ಲರ್ ಇರುತ್ತದಲ್ಲ, ಅದು ಇದಕ್ಕೆ ಸರಿಯಾಗಿ ಒದಗುತ್ತದೆ. ಯಾವುದಾದರೂ ಗ್ಯಾರೇಜಿನಲ್ಲಿ ಕೇಳಿದರೆ ಹತ್ತು ನಿಮಿಷಕ್ಕೆ ಕೊಡುತ್ತಾರೆ.

ಈಗ ಹಲ್ಲುಗಳನ್ನು ನೋಡಿ. ಸ್ಪಿಂಡಲ್ ಉಕ್ಕಿನದು. ಕೈಯ ಬುಡದ ತೂತು ಮೆತ್ತಗಿನ ಎರಕದ ಲೋಹದ್ದು. ನಟ್ಟು ಸಡಿಲವಾಗಿ ಕೈ ಜಾರತೊಡಗಿದರೆ ಸವೆಯುವುದು ಕೈಯ ಹಲ್ಲು, ಸ್ಪಿಂಡಲ್ ಬಹಳ ಸಲ ಉಳಿದುಕೊಳ್ಳುತ್ತದೆ. ಇದು ನಮ್ಮ ಪುಣ್ಯ. ಕೈ ಬದಲಿಸುವುದು ಸುಲಭ, ಸ್ಪಿಂಡಲ್ ಬದಲಿಸುವುದು ದೊಡ್ಡ ಕೆಲಸ. ಸ್ಪಿಂಡಲ್‌ನ ಹಲ್ಲುಗಳ ಸಂದಿಯಲ್ಲಿ ಬೂದುಬಣ್ಣದ ಪುಡಿ ಕೂತಿದ್ದರೆ ಅದು ಸವೆದು ಉದುರಿದ ಲೋಹ. ಹಿತ್ತಾಳೆ ತಂತಿಯ ಬ್ರಶ್ಶಿನಿಂದ ತಿಕ್ಕಿ ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಶ್ಶಾದರೂ ಆದೀತು. ಕೈಯ ತೂತಿನೊಳಗೂ ಹಾಗೇ ಮಾಡಿ. ಒಳಗೆ ಗೆರೆಗಳು ಸ್ಪಷ್ಟವಾಗಿ ಕಂಡರೆ ಅದೇ ಕೈ ಇನ್ನೂ ಬಹಳ ಕಾಲ ಬರುತ್ತದೆ. ಬೆರಳು ಆಡಿಸಿದಾಗ ನುಣುಪಾಗಿದ್ದರೆ ಹೊಸ ಕೈ ತನ್ನಿ.

ಮಾರುತಿ 800 ತಯಾರಿ 2014ರಲ್ಲೇ ನಿಂತಿತು ನಿಜ. ಆದರೆ ರಸ್ತೆಯ ಮೇಲೆ ಇನ್ನೂ ಎಷ್ಟೋ ಗಾಡಿಗಳಿವೆ, ಬಿಡಿಭಾಗಕ್ಕೆ ಬರ ಬಂದಿಲ್ಲ. ಅಂಗಡಿಯಲ್ಲಿ ಗಾಡಿಯ ವರ್ಷ ಹೇಳಿ, ಡ್ರೈವರ್ ಕಡೆಯದು ಅಂತಲೂ ಹೇಳಿ. ಹಳೆಯ ಕೈಯನ್ನು ಜೊತೆಗೆ ತೆಗೆದುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಉದ್ದ, ಬಾಗು, ತೂತಿನ ಗಾತ್ರ ಮೂರೂ ಹೊಂದಬೇಕು.

ಕೂರಿಸುವಾಗ ಬ್ಲೇಡು ಟೇಪಿನ ಮೇಲೆ ಮಲಗುವ ಹಾಗೆ ಕೈಯನ್ನು ಹಲ್ಲಿಗೆ ಹೊಂದಿಸಿ, ಒತ್ತಿ, ನಟ್ಟು ಹಾಕಿ. ಮೊದಲು ಸ್ಪ್ರಿಂಗ್ ವಾಶರ್ ಇದ್ದಿದ್ದರೆ ಅದನ್ನು ಮರೆಯಬೇಡಿ. ಬಿಗಿಮಾಡುವಾಗ ಇನ್ನೊಂದು ಕೈಯಲ್ಲಿ ವೈಪರ್ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ನೀವು ಹಾಕಿದ ಬಲ ಪೂರ್ತಿ ಕೆಳಗಿನ ಲಿಂಕಿಗೆ, ಬುಶ್ಶಿಗೆ ಹೋಗುತ್ತದೆ. ಗಿಡ್ಡ ಸ್ಪ್ಯಾನರ್ ಸಾಕು, ಮಣಿಕಟ್ಟಿನ ಬಲ ಸಾಕು. ಚಕ್ರದ ನಟ್ಟಿನ ಹಾಗೆ ಮೈಭಾರ ಹಾಕಿ ಬಿಗಿದರೆ ಮರೆ ಕಿತ್ತುಹೋಗುತ್ತದೆ, ಆಮೇಲೆ ನಿಜವಾಗಿಯೂ ದೊಡ್ಡ ಖರ್ಚು ಬರುತ್ತದೆ. ಟೇಪು, ಟವೆಲ್ಲು ತೆಗೆದು, ಗ್ಲಾಸಿಗೆ ಧಾರಾಳ ನೀರು ಹಾಕಿ, ಮೊದಲು ನಿಧಾನ, ಆಮೇಲೆ ಜೋರು ಓಡಿಸಿ ನೋಡಿ. ಮರುದಿನ ಅದೇ ನಟ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಮೆತ್ತಗಿನ ಲೋಹ ಹಲ್ಲಿನ ಮೇಲೆ ಕೂತುಕೊಳ್ಳುತ್ತಾ ಹೋದ ಹಾಗೆ ನಟ್ಟು ಸ್ವಲ್ಪ ಸಡಿಲವಾಗುತ್ತದೆ. ಈ ಎರಡನೇ ಬಿಗಿತವನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ಅದೇ ತೊಂದರೆ ಮತ್ತೆ ಮತ್ತೆ ಬರುತ್ತದೆ.

ಸವೆದ ತೂತಿಗೆ ತೆಳು ತಗಡಿನ ಚೂರು ಸುತ್ತಿ ಕೂರಿಸುವುದನ್ನು ನೀವು ನೋಡಿರಬಹುದು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಲು ಪರವಾಗಿಲ್ಲ. ಎಂ-ಸೀಲ್ ತುಂಬುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಳೆಯಲ್ಲಿ ಅದು ಬಿಟ್ಟುಕೊಳ್ಳುತ್ತದೆ, ಬಿಡದೆ ಹಿಡಿದರೆ ಮುಂದೆ ಕೈ ತೆಗೆಯುವುದೇ ಆಗುವುದಿಲ್ಲ.

ಇನ್ನು, ಅಲ್ಲಾಡಿಸಿದಾಗ ಸ್ಪಿಂಡಲ್ಲೂ ಜೊತೆಗೆ ಅಲ್ಲಾಡಿತು ಅನ್ನಿ. ಆಗ ಕೆಲಸ ಬಾನೆಟ್ ಕೆಳಗೆ. ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ವೈಪರ್ ಮೋಟಾರು ನೋಡಲು ಚಿಕ್ಕದು, ಆದರೆ ಗೇರಿನಿಂದಾಗಿ ಅದರ ಬಲ ಬಹಳ. ಲಿಂಕಿನ ನಡುವೆ ಬೆರಳಿದ್ದಾಗ ಮೊಮ್ಮಗು ಒಳಗೆ ಕೂತು ಸ್ವಿಚ್ ಒತ್ತಿದರೆ ಬೆರಳು ಹೋಗುತ್ತದೆ.

ಲಿಂಕಿನ ತುದಿಯಲ್ಲಿ ಪ್ಲಾಸ್ಟಿಕ್ ಬಟ್ಟಲಿನಂಥ ಬುಶ್ಶು ಇರುತ್ತದೆ. ಅದು ಕಬ್ಬಿಣದ ಗುಂಡಿನ ಮೇಲೆ ಕೂರುತ್ತದೆ. ಇಪ್ಪತ್ತೈದು ವರ್ಷ ಎಂಜಿನ್ ಬಿಸಿಗೆ ಒಣಗಿ ಅದು ಸೀಳುತ್ತದೆ, ಇಲ್ಲವೇ ಅಗಲವಾಗುತ್ತದೆ. ಒಬ್ಬರು ಹೊರಗೆ ಕೈ ಅಲ್ಲಾಡಿಸುತ್ತಿರಲಿ, ನೀವು ಟಾರ್ಚು ಬಿಟ್ಟು ನೋಡಿ. ಒಂದು ಕಡೆಯ ಅಲ್ಲಾಟ ಇನ್ನೊಂದು ಕಡೆಗೆ ಮುಟ್ಟದೆ ಹೋಗುವ ಜಾಗ ಯಾವುದೋ ಅದೇ ಹೋದ ಬುಶ್ಶು. ಹಳೆಯದನ್ನು ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ತಿರುಚಿ ಬಿಡಿಸಿ. ಹೊಸ ಬುಶ್ಶನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ಒಳಗೆ ಗ್ರೀಸ್ ಸವರಿ, ಪ್ಲೇಯರ್‌ನ ದೊಡ್ಡ ಬಾಯಿಯಲ್ಲಿ ನೇರವಾಗಿ ಒತ್ತಿ. ಟಕ್ ಅಂತ ಕೂರುತ್ತದೆ. ಸುತ್ತಿಗೆಯಲ್ಲಿ ಹೊಡೆಯಬೇಡಿ, ಲಿಂಕು ಬಾಗುತ್ತದೆ. ಬರೀ ಬುಶ್ಶು ಸಿಗದಿದ್ದರೆ ಲಿಂಕು ಮಾತ್ರ ತನ್ನಿ. ಮೋಟಾರಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ಕೊನೆಗೆ ಮೋಟಾರಿನ ಕ್ರ್ಯಾಂಕು. ಅದರ ನಟ್ಟು ಸಡಿಲವಾದರೆ ಮೋಟಾರು ಗುಂಯ್ ಅನ್ನುತ್ತದೆ, ಎರಡೂ ವೈಪರ್ ಸುಮ್ನೆ ಮಲಗಿರುತ್ತವೆ. ನಿಮ್ಮದು ಹಾಗಿಲ್ಲ. ಹಾಗಿದ್ದವರು ಕ್ರ್ಯಾಂಕು ಬಿಚ್ಚುವ ಮುಂಚೆ ಅದು ಎತ್ತ ಮುಖ ಮಾಡಿದೆ ಅಂತ ಪೇಂಟಿನಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಆ ದಿಕ್ಕು ತಪ್ಪಿದರೆ ವೈಪರ್ ಗ್ಲಾಸಿನ ನಡುವೆ ಬಂದು ನಿಲ್ಲತೊಡಗುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಮಳೆಯ ಜೊತೆ ಮಂಜೂ ಇಳಿದಿರುತ್ತದೆ, ಎದುರಿಂದ ಬರುವ ಬಸ್ಸು ತಿರುವಿನಲ್ಲೇ ಕಾಣುವುದು. ಅಲ್ಲಿ ಡ್ರೈವರ್ ಕಡೆಯ ವೈಪರ್ ಅರ್ಧಕ್ಕೆ ತಿರುಗಿ ಬಂದರೆ ನಿಮಗೆ ರಸ್ತೆಯ ಅರ್ಧ ಮಾತ್ರ ಕಾಣುತ್ತದೆ. ಆರಿದ್ರೆ ಮಳೆ ಹಿಡಿಯುವ ಮುಂಚೆ ಈ ಕೆಲಸ ಮುಗಿಸಿ, ಮೇಷ್ಟ್ರೇ. ಮುಗಿಯುವ ತನಕ ಮಗಳನ್ನು ನೋಡಲು ಬಸ್ಸಿನಲ್ಲೇ ಹೋಗಿ.

ಪ್ರಶ್ನೆ: ನಮ್ಮದು ಶೃಂಗೇರಿ ಕಡೆ ಅಡಿಕೆ ತೋಟ. ಹಳೆಯ ಓಮ್ನಿ ಇದೆ. ಔಷಧಿ ಹೊಡೆಯುವ ಸಾಮಾನು ಸಾಗಿಸಲು ಅದನ್ನೇ ಬಳಸುತ್ತೇವೆ, ತೋಟದ ಪಕ್ಕದಲ್ಲೇ ಹಲಸಿನ ಮರದ ಕೆಳಗೆ ನಿಲ್ಲಿಸುತ್ತೇವೆ. ವೈಪರ್ ಬುಡದಲ್ಲಿ ಹಸಿರು ಬಿಳಿ ಪುಡಿ ಕಟ್ಟಿದೆ. ಒಂದು ವೈಪರ್ ಅಲ್ಲಾಡುತ್ತದೆ, ಇನ್ನೊಂದು ಬಹಳ ಬಿಗಿಯಾಗಿ ನಿಧಾನ ಓಡುತ್ತದೆ. ನಟ್ಟು ಬಿಗಿದರೂ ಸರಿಹೋಗಲಿಲ್ಲ.

ಉತ್ತರ: ಅಣ್ಣಾ, ನಿಮ್ಮ ಗಾಡಿಗೆ ಬೋರ್ಡೋ ಬಿದ್ದಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಅದನ್ನು ಕಲಸಿದ ಮೇಲೆ ನೀವೇ ಕತ್ತಿಯ ಅಲಗು ಅದ್ದಿ ನೋಡುತ್ತೀರಲ್ಲ? ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಕಮ್ಮಿಯಾಗಿದೆ ಅಂತ ಇನ್ನಷ್ಟು ಹಾಕುತ್ತೀರಿ. ಆ ಕೆಂಪು ತಾಮ್ರದ್ದು. ಕಬ್ಬಿಣವನ್ನು ತಿಂದು ಅದರ ಜಾಗದಲ್ಲಿ ತಾಮ್ರ ಕೂತಿರುತ್ತದೆ. ಮೈಲುತುತ್ತದ ನೀರು ಚೆಲ್ಲಿದ ಕಡೆ ನಿಮ್ಮ ಗಾಡಿಯ ನಟ್ಟು, ಸ್ಪಿಂಡಲ್, ವೈಪರ್ ಕೈಯ ಬುಡಕ್ಕೂ ಅದೇ ಆಗುತ್ತದೆ. ಕೈಯ ಬುಡದ ಮೆತ್ತಗಿನ ಲೋಹವಂತೂ ಕಬ್ಬಿಣಕ್ಕಿಂತ ಬೇಗ ಕೊರೆದುಹೋಗುತ್ತದೆ. ಒಣಗಿದ ಸುಣ್ಣ ಸ್ಪಿಂಡಲ್ ಗೂಡಿನೊಳಗೆ ಇಳಿದು ಗ್ರೀಸನ್ನು ಗಟ್ಟಿ ಮಾಡುತ್ತದೆ. ಒಂದು ಸಡಿಲ, ಇನ್ನೊಂದು ಬಿಗಿ ಆಗಿರುವುದು ಹೀಗೆ.

ಬಿಗಿಯಾಗಿರುವುದನ್ನು ಮೊದಲು ನೋಡಿ. ಜನ ಸಡಿಲವಾಗಿರುವುದರ ಹಿಂದೆ ಬೀಳುತ್ತಾರೆ. ಆದರೆ ಬಿಗಿಯಾದ ಸ್ಪಿಂಡಲ್ಲು ಲಿಂಕು, ಬುಶ್ಶು, ಮೋಟಾರು ಎಲ್ಲವನ್ನೂ ಎಳೆದು ಹಾಳುಮಾಡುತ್ತದೆ. ಎರಡೂ ಕೈ ಬಿಚ್ಚಿ. ಸ್ಪಿಂಡಲ್ ಸುತ್ತ ಸೋಪಿನ ನೀರು ಹಾಕಿ ಬ್ರಶ್ಶಿನಲ್ಲಿ ತಿಕ್ಕಿ, ಒಣಗಿಸಿ. ತುಕ್ಕು ಬಿಡಿಸುವ ಸ್ಪ್ರೇ ಸ್ಪಿಂಡಲ್ ಬುಡಕ್ಕೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ, ಬ್ಯಾಟರಿ ಬಿಚ್ಚಿದ ಮೇಲೆ, ಲಿಂಕನ್ನು ಆ ಸ್ಪಿಂಡಲ್‌ನಿಂದ ಬಿಡಿಸಿ ಕೈಯಲ್ಲೇ ತಿರುಗಿಸಿ ನೋಡಿ. ಎರಡು ಬೆರಳಲ್ಲಿ ತಿರುಗಬೇಕು. ತಿರುಗಿದರೆ ಗ್ರೀಸ್ ಕೊಟ್ಟು ಮುಂದುವರಿಯಿರಿ. ಇಲ್ಲವೆಂದರೆ ಸ್ಪಿಂಡಲ್ ಕಳಚಿ ಗೂಡನ್ನು ತೊಳೆಯಬೇಕು, ಅದನ್ನು ಗ್ಯಾರೇಜಿನಲ್ಲೇ ಮಾಡಿಸಿ. ಅಲ್ಲಾಡುವ ಕಡೆಗೆ ಮೇಲೆ ಮೇಷ್ಟ್ರಿಗೆ ಹೇಳಿದ ಹಾಗೆ ಮಾಡಿ. ಆದರೆ ನಿಮ್ಮದರಲ್ಲಿ ಕೈಯ ಹಲ್ಲು ಉಳಿದಿರುವುದು ಅನುಮಾನ. ಹೊಸ ಕೈಗೇ ತಯಾರಾಗಿ ಹೋಗಿ.

ಹಲಸಿನ ಮರದ ಕೆಳಗೆ ನಿಲ್ಲಿಸುವುದರ ಬಗ್ಗೆಯೂ ಒಂದು ಮಾತು. ಗ್ಲಾಸಿನ ಕೆಳಗಿನ ಜಾಲರಿಯಿಂದ ಎಲೆ, ಹೂವು, ಕಡ್ಡಿ ಒಳಗೆ ಬಿದ್ದು ಕೊಳೆಯುತ್ತವೆ. ಮಳೆನೀರು ಹೊರಗೆ ಹೋಗುವ ತೂತು ಕಟ್ಟಿಕೊಳ್ಳುತ್ತದೆ. ನೀರು ಅಲ್ಲೇ ನಿಂತು ಲಿಂಕಿಗೂ ತಗಡಿಗೂ ತುಕ್ಕು ಹಿಡಿಸುತ್ತದೆ. ಮಲೆನಾಡಿನ ಗಾಡಿಗಳು ಬೇರೆ ಕಡೆಯವಕ್ಕಿಂತ ಬೇಗ ಈ ಜಾಗದಲ್ಲೇ ಕೊಳೆಯುವುದನ್ನು ನಾನು ನೋಡುತ್ತಲೇ ಇದ್ದೇನೆ. ಒಂದು ಮಗ್ಗು ನೀರು ಅಲ್ಲಿಗೆ ಸುರಿದು, ಗಾಡಿಯ ಕೆಳಗಿಂದ ಬರುತ್ತದಾ ನೋಡಿ. ಬರದಿದ್ದರೆ ತಂತಿ ಹಾಕಿ ಬಿಡಿಸಿ. ಔಷಧಿ ಹೊಡೆಯುವ ದಿನ ಗಾಡಿಯನ್ನು ಗಾಳಿ ಬರುವ ಕಡೆ ದೂರ ನಿಲ್ಲಿಸಿ, ಸಂಜೆ ಬರೀ ನೀರಲ್ಲಿ ತೊಳೆದುಬಿಡಿ. ಒಣಗುವ ಮುಂಚೆ ತೊಳೆದರೆ ಸುಲಭವಾಗಿ ಹೋಗುತ್ತದೆ.

ಪ್ರಶ್ನೆ: ಹೊಸ ಬ್ಲೇಡು ಹಾಕಿಸಿದ್ದೇನೆ. ಆದರೂ ಗಡಗಡ ನಡುಗುತ್ತಾ ಹೋಗುತ್ತದೆ, ಗೆರೆ ಬಿಡುತ್ತದೆ. ಕೈ ಸಡಿಲ ಇಲ್ಲ. ಕೊಬ್ಬರಿ ಎಣ್ಣೆ ಸವರಿ ಅಂತ ಒಬ್ಬರು, ಸೀಮೆಎಣ್ಣೆಯಲ್ಲಿ ಒರೆಸಿ ಅಂತ ಇನ್ನೊಬ್ಬರು ಹೇಳುತ್ತಾರೆ. (ಸಾಗರದ ಓದುಗರು)

ಉತ್ತರ: ಎರಡನ್ನೂ ಮಾಡಬೇಡಮ್ಮ. ಸೀಮೆಎಣ್ಣೆಗೆ ರಬ್ಬರು ಉಬ್ಬುತ್ತದೆ. ಕೊಬ್ಬರಿ ಎಣ್ಣೆಯಿಂದ ಗ್ಲಾಸು ಮಸುಕಾಗುತ್ತದೆ, ರಾತ್ರಿ ಎದುರಿನ ಲೈಟು ಬಿದ್ದರೆ ಏನೂ ಕಾಣುವುದಿಲ್ಲ. ಗ್ಲಾಸನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತೊಳೆದು ಒರೆಸಿ. ಆಮೇಲೂ ನಡುಗಿದರೆ ಕೈ ತಿರುಚಿಕೊಂಡಿದೆ. ಬ್ಲೇಡು ತೆಗೆದು ಕೈಯ ತುದಿಯನ್ನು ಪಕ್ಕದಿಂದ ನೋಡಿ. ತುದಿಯ ಪಟ್ಟಿ ಗ್ಲಾಸಿಗೆ ಸಮನಾಗಿ ಮಲಗಿರಬೇಕು. ಒಂದು ಅಂಚು ಎದ್ದಿದ್ದರೆ ರಬ್ಬರು ಒಂದು ದಿಕ್ಕಿಗೆ ನುಣ್ಣಗೆ ಹೋಗುತ್ತದೆ, ವಾಪಸು ಬರುವಾಗ ನಡುಗುತ್ತದೆ. ಕೈಯನ್ನು ಗ್ಲಾಸಿನಿಂದ ಪೂರ್ತಿ ಎತ್ತಿ, ಎರಡು ಸ್ಪ್ಯಾನರ್ ಸಿಕ್ಕಿಸಿ, ತುಸು ತುಸುವಾಗಿ ತಿರುಚಿ ಸಮ ಮಾಡಬಹುದು. ಹಳೆಯ ಬ್ಲೇಡಿಗಿಂತ ಉದ್ದದ್ದು ಹಾಕಿಸಿದ್ದರೆ ಅದನ್ನೂ ಬದಲಿಸಿ. ಉದ್ದ ಹೆಚ್ಚಾದರೆ ಜಾಸ್ತಿ ಗ್ಲಾಸು ಒರೆಸುತ್ತದೆ ಅಂತ ಅಂಗಡಿಯವರು ಕೊಡುತ್ತಾರೆ, ಆದರೆ ಆ ಭಾರ ಬೀಳುವುದು ಹಲ್ಲು ಮತ್ತು ಬುಶ್ಶಿನ ಮೇಲೆ.

ಪ್ರಶ್ನೆ: ಅಜ್ಜನ ಹಳೆಯ ಜೀಪಿನ ಫೋಟೋದಲ್ಲಿ ವೈಪರಿಗೆ ಒಳಗಡೆ ಒಂದು ಹಿಡಿ ಇದೆ. ಅದನ್ನು ಕೈಯಲ್ಲಿ ತಿರುಗಿಸುತ್ತಿದ್ದರಾ? ವೈಪರ್ ಕಂಡುಹಿಡಿದವರು ಯಾರು? (ಹತ್ತನೇ ತರಗತಿ ವಿದ್ಯಾರ್ಥಿನಿ, ಹೊಸನಗರ)

ಉತ್ತರ: ಹೌದು ಪುಟ್ಟಿ, ಕೈಯಲ್ಲೇ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪುಗಳಲ್ಲಿ ಹಾಗೇ ಇತ್ತು. ಮೊದಲ ಕೆಲಸ ಮಾಡುವ ವೈಪರಿಗೆ ಅಮೆರಿಕದ ಪೇಟೆಂಟ್ ಪಡೆದದ್ದು ಒಬ್ಬ ಹೆಂಗಸು, ಅಲಬಾಮಾದ ಮೇರಿ ಆ್ಯಂಡರ್ಸನ್. ವರ್ಷ 1903. ನ್ಯೂಯಾರ್ಕಿನಲ್ಲಿ ಟ್ರಾಮ್ ಓಡಿಸುವವನು ಮಂಜು ಬೀಳುವಾಗ ಗ್ಲಾಸಿನಾಚೆ ಕಾಣದೆ ಒದ್ದಾಡುವುದನ್ನು ನೋಡಿ ಅವರಿಗೆ ಅದು ಹೊಳೆಯಿತು. ಒಳಗಿನಿಂದ ಹಿಡಿ ತಿರುಗಿಸಿದರೆ ಹೊರಗೆ ರಬ್ಬರಿನ ಪಟ್ಟಿ ಗ್ಲಾಸು ಒರೆಸುತ್ತಿತ್ತು. ಆದರೆ ಆಗ ಯಾವ ಕಂಪನಿಯೂ ಅದನ್ನು ಕೊಳ್ಳಲಿಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ಎಲ್ಲ ಕಾರುಗಳಿಗೂ ವೈಪರ್ ಬಂತು, ಅವರಿಗೆ ಅದರಿಂದ ದುಡ್ಡು ಬರಲಿಲ್ಲ. ನನಗೆ ಇದು ಇವತ್ತಿಗೂ ಬೇಜಾರಿನ ವಿಷಯ. ನಿನ್ನ ಅಜ್ಜನ ಜೀಪು ಇನ್ನೂ ಇದೆಯಾ? ಇದ್ದರೆ ಫೋಟೋ ಕಳಿಸು.

ಪ್ರಶ್ನೆ: ಹುಲಿಕಲ್ ಘಾಟಿಯಲ್ಲಿ ಮಳೆ ಹೊಡೆಯುವಾಗ ಡ್ರೈವರ್ ಕಡೆಯ ವೈಪರ್ ಕೈ ಪೂರ್ತಿ ಜಾರಿಬಿಟ್ಟರೆ ಏನು ಮಾಡಬೇಕು? ಲಾರಿಯವರು ಗ್ಲಾಸಿಗೆ ಹೊಗೆಸೊಪ್ಪು ಉಜ್ಜುತ್ತಾರಂತೆ, ನಿಜವಾ? ಇನ್ನೊಂದು, ಎಫ್‌ಸಿಗೆ (ಗಾಡಿಯ ಫಿಟ್ನೆಸ್ ಪರೀಕ್ಷೆಗೆ) ಹೋದಾಗ ವೈಪರ್ ನೋಡುತ್ತಾರಾ?

ಉತ್ತರ: ಮೊದಲು ನಿಲ್ಲಿಸಿ. ತಿರುವಿನಲ್ಲಿ ಅಲ್ಲ, ಮುಂದೆ ಹಿಂದೆ ಇಬ್ಬರಿಗೂ ಕಾಣುವ ಅಗಲದ ಜಾಗದಲ್ಲಿ. ಧರೆಯ (ರಸ್ತೆ ಪಕ್ಕದ ಕಡಿದ ಮಣ್ಣಿನ ಗೋಡೆಯ) ಕೆಳಗೂ ಬೇಡ, ಮಳೆಗಾಲದಲ್ಲಿ ಜರಿಯುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ.

ಹೊಗೆಸೊಪ್ಪು ಉಜ್ಜುವುದು ನಿಜ. ಆಲೂಗಡ್ಡೆ ಹೋಳು, ಈರುಳ್ಳಿಯನ್ನೂ ಉಜ್ಜುತ್ತಾರೆ. ಅದರ ರಸದಿಂದ ನೀರು ಹನಿ ಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿ ಇಳಿಯುತ್ತದೆ, ಸ್ವಲ್ಪ ಹೊತ್ತು ಆಚೆ ಕಾಣುತ್ತದೆ. ಸಣ್ಣ ಮಳೆಯಲ್ಲಿ ಹತ್ತಿರದ ಊರು ಮುಟ್ಟಲು ಆದೀತು. ಹುಲಿಕಲ್‌ನ ಮಳೆಗೆ ಅದು ನಿಮಿಷಗಳಲ್ಲಿ ತೊಳೆದುಹೋಗುತ್ತದೆ. ಅದನ್ನು ನಂಬಿ ಘಾಟಿ ಇಳಿಯಬೇಡಿ.

ನಾನು ಹೇಳುವ ಉಪಾಯ ಬೇರೆ. ಪಕ್ಕದ ಸೀಟಿನ ಕಡೆಯ ವೈಪರ್ ಕೈ ಬಿಚ್ಚಿ ಡ್ರೈವರ್ ಕಡೆಗೆ ಹಾಕಿಕೊಳ್ಳಿ. ಎರಡೂ ಸ್ಪಿಂಡಲ್ ಸಾಮಾನ್ಯವಾಗಿ ಒಂದೇ ಗಾತ್ರದವು. ಬಾಗು, ಉದ್ದ ಸ್ವಲ್ಪ ಬೇರೆ ಇರಬಹುದು, ಅದಕ್ಕೇ ಮೊದಲು ನಿಧಾನ ವೇಗದಲ್ಲಿ ಒಂದೆರಡು ಸಲ ಓಡಿಸಿ ಎಲ್ಲೂ ಬಡಿಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬೋಳಾದ ಪಕ್ಕದ ಸ್ಪಿಂಡಲ್ ಸುಮ್ನೆ ತಿರುಗುತ್ತಿರಲಿ, ಏನೂ ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್ ಮಾತ್ರ. ಜಾರಿದ್ದು ಕೈಯಲ್ಲ, ಲಿಂಕೇ ಗುಂಡಿನಿಂದ ಕಳಚಿದೆ ಅಂದರೆ, ಬ್ಯಾಟರಿ ಬಿಚ್ಚಿ, ಅದನ್ನು ಮತ್ತೆ ಒತ್ತಿ ಕೂರಿಸಿ, ಸುತ್ತ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಿರಿ. ನಿಧಾನ ವೇಗದಲ್ಲಿ ಮಾತ್ರ ಓಡಿಸಿದರೆ ಮನೆ ತನಕ ತಡೆಯುತ್ತದೆ.

ಎಫ್‌ಸಿಗೆ ಖಂಡಿತ ನೋಡುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೇ ನಿಯಮ ವೈಪರಿನದ್ದೇ. ವೈಪರ್ ಇದ್ದರೆ ಸಾಲದು, ಸರಿಯಾಗಿ ಕೆಲಸ ಮಾಡಬೇಕು ಅಂತ ಅದರಲ್ಲಿದೆ. ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿ ನವೀಕರಣಕ್ಕೆ ಹೋಗುವವರು ಹಿಂದಿನ ದಿನ ಗ್ಲಾಸಿಗೆ ನೀರು ಹಾಕಿ ಎರಡೂ ವೇಗದಲ್ಲಿ ಓಡಿಸಿ ನೋಡಿ. ಡ್ಯಾಶ್‌ಬೋರ್ಡ್ ಗೂಡಿನಲ್ಲಿ ನಿಮ್ಮ ವೈಪರ್ ನಟ್ಟಿಗೆ ಬರುವ ಸ್ಪ್ಯಾನರ್, ಎರಡು ಕೇಬಲ್ ಟೈ, ಒಂದು ಹಳೆಯ ಟವೆಲ್ಲು ಇಟ್ಟುಕೊಂಡೇ ಮಳೆಗಾಲಕ್ಕೆ ಹೊರಡಿ.